ಇದು ನಮ್ಮ ಲಕ್ಷ್ಮಿ ಅಲ್ಲ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹೋಬಳಿ ಊರು. ದೇವರ ಮನೆಯಲ್ಲಿ ಒಂದು ಲಕ್ಷ್ಮಿ ಪಟ ಇದೆ. ಮುತ್ತಜ್ಜ ಮೈಸೂರಿನಿಂದ ತಂದದ್ದು ಅಂತ ಮನೆಯಲ್ಲಿ ಮಾತು. ತೇಗದ ಕಟ್ಟು, ಸೀರೆಯ ಅಂಚಿಗೆ ಜರಿ, ಚಮಕಿ ಅಂಟಿಸಿದ್ದಾರೆ, ಕೆಳಗೆ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ರವಿವರ್ಮ ಅಂತ ಸಹಿ. ಎರಡು ತಿಂಗಳ ಹಿಂದೆ ಅಣ್ಣ ಬೆಂಗಳೂರಿನಿಂದ ಹಳೇ ವಸ್ತುಗಳ ವ್ಯಾಪಾರಿಯೊಬ್ಬರನ್ನು ಕರಕೊಂಡು ಬಂದ. ಅವರು ‘ಮೂಲಚಿತ್ರ ಇದ್ದರೂ ಇರಬಹುದು, ಡಿಜಿಟಲ್ ಸ್ಕ್ಯಾನ್ ಮಾಡಿಸಿ ನೋಡಬೇಕು’ ಅಂತ ಪಟ ತಗೊಂಡು ಹೋದರು. ಹನ್ನೆರಡು ದಿನ ಆದಮೇಲೆ ವಾಪಸ್ ಕೊಟ್ಟರು. ಜೊತೆಗೆ ಒಂದು ಬಣ್ಣದ ಕಾಗದ: ‘ಕಂಪ್ಯೂಟರ್ ವಿಶ್ಲೇಷಣೆಯಲ್ಲಿ ಶೇ. 92 ಹೊಂದಾಣಿಕೆ.’ ಹಳೇ ಗಾಜು ಸೀಳಿತ್ತು ಅಂತ ಹೊಸ ಗಾಜನ್ನೂ ಪುಕ್ಕಟೆ ಹಾಕಿಸಿಕೊಟ್ಟಿದ್ದಾರೆ. ಅಣ್ಣ ಆಗಲೇ ಕೋಟಿಯ ಲೆಕ್ಕದಲ್ಲಿದ್ದಾನೆ. ಆದರೆ ಮಾರನೇ ದಿನ ಬೆಳಿಗ್ಗೆ ದೀಪ ಹಚ್ಚಿ ನಿಂತ ಅಮ್ಮ, ‘ಇದು ನಮ್ಮ ಲಕ್ಷ್ಮಿ ಅಲ್ಲ ಕಣೇ’ ಅಂದಳು. ಅಣ್ಣ ‘ನಿನ್ನ ಕಣ್ಣಿಗೆ ಪೊರೆ ಬಂದಿದೆ’ ಅಂತ ರೇಗಿದ. ಅವತ್ತಿನಿಂದ ಅಮ್ಮ ಆ ಪಟಕ್ಕೆ ಹೂವು ಏರಿಸುತ್ತಿಲ್ಲ. ಇದು ನಿಜವಾಗಲೂ ರವಿವರ್ಮ ಬರೆದದ್ದಾ? ಅಮ್ಮ ಹೇಳುವುದು ನಿಜವಾಗಿದ್ದರೆ ಪತ್ತೆ ಮಾಡುವುದು ಹೇಗೆ? ಅಣ್ಣನ ಜೊತೆ ಜಗಳ ಆಗದ ಹಾಗೆ ಏನು ಮಾಡಲಿ?

– ಹೆಸರು, ಊರು ಬೇಡ

ಉತ್ತರ: ಸೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕಣ್ಣು ನಿಂತದ್ದು ಆ ಪುಕ್ಕಟೆ ಗಾಜಿನ ಹತ್ತಿರ. ಗಾಜು ಬದಲಾಗಿದೆ ಅಂದರೆ ಕಟ್ಟು ಬಿಚ್ಚಿದ್ದಾರೆ. ಕಟ್ಟು ಬಿಚ್ಚಿದ್ದಾರೆ ಅಂದರೆ ಒಳಗಿನದು ಹೊರಗೆ ಬಂದಿತ್ತು. ಅಷ್ಟಕ್ಕೇ ಯಾರನ್ನೂ ಕಳ್ಳ ಎನ್ನಲಾಗದು. ಹಳೆಯ ಗಾಜಿನ ಜೊತೆಗೆ ಎಷ್ಟೋ ವರ್ಷದ ಊದುಬತ್ತಿ ಹೊಗೆ, ದೀಪದ ಎಣ್ಣೆಯ ಜಿಡ್ಡು ಎಲ್ಲ ಹೋಗಿರುತ್ತದೆ. ಅಮ್ಮ ಇಷ್ಟು ದಿನ ಕೈಮುಗಿದದ್ದು ಆ ಹೊಗೆಯ ಹಿಂದಿನ ಲಕ್ಷ್ಮಿಗೆ. ಹೊಸ ಗಾಜಿನೊಳಗಿನ ಅದೇ ಲಕ್ಷ್ಮಿ ಪರಕೀಯಳಾಗಿ ಕಂಡರೆ ಆಶ್ಚರ್ಯವಿಲ್ಲ. ಹಾಗೆಂದು ಅಮ್ಮನ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ದಿನಕ್ಕೆರಡು ಹೊತ್ತು, ಒಂದೇ ಅಂತರದಲ್ಲಿ, ಒಂದೇ ಬೆಳಕಿನಲ್ಲಿ ಒಂದೇ ಚಿತ್ರವನ್ನು ಅರ್ಧ ಶತಮಾನ ನೋಡಿದ ಕಣ್ಣು ಅದು. ಎರಡರಲ್ಲಿ ಯಾವುದು ಸರಿ ಎಂದು ತಿಳಿಯುವ ದಾರಿ ಇದೆ, ಬಹುಪಾಲು ನಿಮ್ಮ ಮನೆಯಲ್ಲೇ ಇದೆ.

ಅದಕ್ಕೂ ಮೊದಲು ಒಂದು ಗಂಟು ಬಿಡಿಸಬೇಕು. ‘ಅಸಲಿಯೋ ನಕಲಿಯೋ’ ಎಂದು ನಾವು ಕೇಳುವಾಗ ಒಂದೇ ಮಾತಿನಲ್ಲಿ ಎರಡು ಪ್ರಶ್ನೆ ಕೇಳುತ್ತಿರುತ್ತೇವೆ. ಇದು ಯಾರ ಕೈಯ ಕೆಲಸ ಎನ್ನುವುದು ಒಂದು. ನಾನು ಕೊಟ್ಟದ್ದೇ ನನಗೆ ವಾಪಸ್ ಬಂದಿದೆಯೇ ಎನ್ನುವುದು ಇನ್ನೊಂದು. ಕ್ಯಾಮೆರಾ, ಸ್ಕ್ಯಾನರುಗಳು ಎರಡನೆಯದಕ್ಕೆ ಖಡಾಖಂಡಿತ ಉತ್ತರ ಕೊಡಬಲ್ಲವು. ಮೊದಲನೆಯದಕ್ಕೆ ಅವು ‘ಅಲ್ಲ’ ಅನ್ನಬಲ್ಲವು. ‘ಹೌದು’ ಎನ್ನುವುದು ಅವುಗಳೊಂದರ ಕೈಲಿ ಆಗುವ ಕೆಲಸವಲ್ಲ. ನಿಮ್ಮಣ್ಣ ಕೇಳುತ್ತಿರುವುದು ಮೊದಲನೆಯ ಪ್ರಶ್ನೆ, ಅಮ್ಮ ಕೇಳುತ್ತಿರುವುದು ಎರಡನೆಯದು. ಅಮ್ಮನದನ್ನೇ ಮೊದಲು ತೆಗೆದುಕೊಳ್ಳೋಣ. ಪಟ ಬದಲಾಗಿದ್ದರೆ, ಅದು ಯಾರು ಬರೆದದ್ದು ಎಂಬ ಚರ್ಚೆಯೇ ವ್ಯರ್ಥ.

ಈಗಲೇ ಕಟ್ಟು ಬಿಚ್ಚಬೇಡಿ, ಒರೆಸಬೇಡಿ. ಅಮ್ಮನ ಹತ್ತಿರ ಒಂದು ಕಾಗದ ಹಿಡಿದು ಕುಳಿತುಕೊಳ್ಳಿ. ಪಟ ಎದುರಿಗಿರಬಾರದು. ‘ಹಳೇ ಪಟದಲ್ಲಿ ಎಲ್ಲೆಲ್ಲಿ ಏನೇನು ಗುರುತು ಇತ್ತಮ್ಮ?’ ಎಂದಷ್ಟೇ ಕೇಳಿ. ನೀವಾಗಿ ಏನನ್ನೂ ಎತ್ತಿಕೊಡಬೇಡಿ. ಆನೆಯ ಕಾಲ ಬಳಿ ಕುಂಕುಮ ಸಿಡಿದ ಕಲೆ, ಸೆರಗಿನಲ್ಲಿ ಉದುರಿದ ಚಮಕಿಯ ಜಾಗ, ಮಳೆಗಾಲದಲ್ಲಿ ಗೋಡೆ ತೇವ ಏರಿದಾಗ ಬಿದ್ದ ಕಂದು ಗೆರೆ, ಬೆಳ್ಳಿಮೀನು ಹುಳ ತಿಂದ ತೂತು, ಹೀಗೆ ಅಮ್ಮ ಏನು ಹೇಳಿದರೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಆ ಪಟ್ಟಿ ಹಿಡಿದು ಪಟ ನೋಡಿ.

ಮುಂದಿನ ಸಾಕ್ಷಿ ಬೀರುವಿನಲ್ಲಿದೆ. ಮದುವೆ, ನಾಮಕರಣ, ವರಮಹಾಲಕ್ಷ್ಮಿ ಹಬ್ಬದ ಹಳೆಯ ಫೋಟೋ ಆಲ್ಬಮ್‌ಗಳನ್ನು ತೆಗೆಯಿರಿ. ಯಾರೋ ಆರತಿ ಎತ್ತುತ್ತಿರುವ ಚಿತ್ರದ ಹಿಂದೆ ಗೋಡೆಯ ಮೇಲೆ ಲಕ್ಷ್ಮಿ ಇದ್ದೇ ಇರುತ್ತಾಳೆ. ಅಂಥ ಫೋಟೋಗಳನ್ನು ಊರಿನ ಸ್ಟುಡಿಯೋದಲ್ಲಿ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ನೆಗೆಟಿವ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ವಿವರ ಹೆಚ್ಚು ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ಈಗಿನ ಪಟದ ಫೋಟೋದ ಪಕ್ಕದಲ್ಲಿಟ್ಟು ನೋಡಿ.

ನೋಡುವಾಗ ಒಂದು ಎಚ್ಚರ. ದೇವಿಯ ಮುಖ, ಕೈ, ಕಮಲ ಹೋಲಿಸಿ ಪ್ರಯೋಜನವಿಲ್ಲ. ಅಚ್ಚಾದ ಚಿತ್ರವಾದರೆ ಎಲ್ಲ ಪ್ರತಿಗಳಲ್ಲೂ ಅವು ಒಂದೇ. ಹೋಲಿಸಬೇಕಾದದ್ದು ಅಚ್ಚುಕೂಟದಿಂದ ಹೊರಬಂದ ಮೇಲೆ ಆ ಪ್ರತಿಗೆ ಆದದ್ದನ್ನು: ಕಲೆ, ಸುಕ್ಕು, ತೂತು, ಹರಕು, ಚಮಕಿ. ನಿಮ್ಮ ಪಟದಲ್ಲಿ ಚಮಕಿ ಇರುವುದು ದೊಡ್ಡ ಅನುಕೂಲ. ಒಂದೊಂದನ್ನೂ ಯಾರೋ ಕೈಯಿಂದ ಅಂಟಿಸಿದ್ದಾರೆ, ಆ ಅಡ್ಡಾದಿಡ್ಡಿ ಸಾಲು ಇನ್ನೊಂದು ಪ್ರತಿಯಲ್ಲಿ ಅದೇ ರೀತಿ ಬರುವುದು ಅಸಾಧ್ಯ. ಹಾನಿ ಹಿಂದಕ್ಕೆ ನಡೆಯುವುದಿಲ್ಲ ಎಂಬುದನ್ನೂ ಮರೆಯಬೇಡಿ. ಈಗ ಕಾಣುವ ಒಂದು ಕಲೆ ಹಳೆಯ ಫೋಟೋದಲ್ಲಿ ಇಲ್ಲದಿದ್ದರೆ ಅದಕ್ಕೆ ನೂರು ಕಾರಣ. ಆದರೆ 1985ರ ಫೋಟೋದಲ್ಲಿ ಇದ್ದ ತೂತು ಈಗ ಮಾಯವಾಗಿದ್ದರೆ, ಒಂದೋ ಯಾರೋ ತೇಪೆ ಹಾಕಿದ್ದಾರೆ, ಇಲ್ಲವೇ ಅಮ್ಮ ಹೇಳಿದ್ದು ನಿಜ.

ಇದು ಮನೆಮದ್ದಿನಂಥ ಉಪಾಯ ಎಂದು ಅಣ್ಣ ನಕ್ಕರೆ ಅವರಿಗೆ ಶ್ರೀಪುರಂದಾನ್ ನಟರಾಜನ ಕಥೆ ಹೇಳಿ. ತಮಿಳುನಾಡಿನ ಆ ಹಳ್ಳಿಯ ಗುಡಿಯಿಂದ ಕಳವಾದ ಚೋಳರ ಕಾಲದ ಕಂಚಿನ ನಟರಾಜ ಮೂರ್ತಿಯನ್ನು 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಮಾರಿದವರ ಬಳಿ ಕಾಗದಪತ್ರವೆಲ್ಲ ಅಚ್ಚುಕಟ್ಟಾಗಿತ್ತು. ಆ ಕಾಗದಗಳನ್ನು ಸುಳ್ಳಾಗಿಸಿದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ಗುಡಿಗೆ ಹೋಗಿ ತೆಗೆದಿಟ್ಟಿದ್ದ ಕಪ್ಪುಬಿಳುಪು ಫೋಟೋ. ಅದೇ ಮೂರ್ತಿ ಎಂದು ಗುರುತು ಹತ್ತಿತು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದು ನಟರಾಜನನ್ನು ಒಪ್ಪಿಸಿ ಹೋದರು. ಸಂಸ್ಥೆಯವರು ಅಂದು ಕಳ್ಳನನ್ನು ಹಿಡಿಯಲೆಂದು ಆ ಫೋಟೋ ತೆಗೆದಿರಲಿಲ್ಲ, ಸುಮ್ಮನೆ ದಾಖಲೆಗೆಂದು ತೆಗೆದಿದ್ದರು. ನಿಮ್ಮ ಮನೆಯ ಆರತಿಯ ಫೋಟೋ ಕೂಡ ಹಾಗೆಯೇ.

ಇನ್ನೊಂದು ಪರೀಕ್ಷೆಗೆ ನೋಟು ನೋಡುವ ನೇರಳೆ ಬೆಳಕಿನ ಟಾರ್ಚ್ ಸಾಕು. ಸರಿಸುಮಾರು 1950ರಿಂದ ಈಚೆಗೆ ಕಾಗದಕ್ಕೆ ಹೊಳಪಿನ ಬಿಳಿ ಬರಿಸುವ ರಾಸಾಯನಿಕಗಳನ್ನು ಸೇರಿಸುತ್ತಿದ್ದಾರೆ. ಬಟ್ಟೆ ಸೋಪಿನ ಪುಡಿಯಲ್ಲೂ ಅಂಥದೇ ಇರುತ್ತದೆ. ಕತ್ತಲಲ್ಲಿ ಆ ಟಾರ್ಚನ್ನು ಒಗೆದ ಬಿಳಿ ಪಂಚೆಯ ಮೇಲೆ ಬಿಟ್ಟರೆ ನೀಲಿಯಾಗಿ ಹೊಳೆಯುವುದು ಅದಕ್ಕೇ. ಪಟದ ಕಾಗದದ ಅಂಚು ಹಾಗೆ ಹೊಳೆದರೆ ಅದು ಮುತ್ತಜ್ಜನ ಕಾಲದ್ದಲ್ಲ. ಹೊಳೆಯದಿದ್ದರೆ ಅಷ್ಟಕ್ಕೇ ಹಳೆಯದೆಂದು ತೀರ್ಮಾನಿಸುವಂತಿಲ್ಲ, ಹಳೆಯ ಕಾಗದದ ಮೇಲೂ ಹೊಸದಾಗಿ ಅಚ್ಚು ಹಾಕಬಹುದು. ಕಾಗದದ ಅಂಚು ಕಟ್ಟಿನೊಳಗೆ ಮುಚ್ಚಿರುವುದರಿಂದ ಕಟ್ಟು ಬಿಚ್ಚಿಯೇ ನೋಡಬೇಕು. ಕಟ್ಟು ಹಾಕುವವರನ್ನು ಮನೆಗೇ ಕರೆಸಿ, ಅಣ್ಣ, ಅಮ್ಮ ಇಬ್ಬರ ಎದುರಿಗೆ ಬಿಚ್ಚಿಸಿ. ಬಿಚ್ಚುವ ಪ್ರತಿ ಹಂತದ ಫೋಟೋ ತೆಗೆಯಿರಿ. ಹಿಂದಿನ ಹಲಗೆ, ಮೊಳೆ, ಅಂಟುಕಾಗದ ಹೊಸದಾಗಿವೆಯೇ ನೋಡಿ. ಟಾರ್ಚನ್ನು ಕೆಲವೇ ಕ್ಷಣ ಬಿಡಿ, ಕಣ್ಣಿಗೆ ತಾಗಿಸಬೇಡಿ.

ಈಗ ಅಣ್ಣನ ಪ್ರಶ್ನೆ. ರವಿವರ್ಮ ಬರೆದದ್ದೇ?

ರವಿವರ್ಮ ಮೈಸೂರಿಗೆ ಹೊಸಬರಲ್ಲ. ಒಡೆಯರು ಅವರಿಂದ ಚಿತ್ರ ಬರೆಸಿದ್ದರು, ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವರ ಮೂಲ ತೈಲಚಿತ್ರಗಳನ್ನು ಇಂದಿಗೂ ನೋಡಬಹುದು. ಆದರೆ ರವಿವರ್ಮ ಮನೆಮನೆಯ ದೇವರ ಕೋಣೆಗೆ ಬಂದದ್ದು ಕುಂಚದ ದಾರಿಯಿಂದಲ್ಲ, ಕಲ್ಲಿನ ದಾರಿಯಿಂದ. 1894ರಲ್ಲಿ ಅವರು ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದರು. ಮುಂದೆ ಅದು ಲೋಣಾವಳ ಬಳಿಯ ಮಳವಲಿಗೆ ಹೋಯಿತು, ಆಮೇಲೆ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರ್ ಕೈಸೇರಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಅಚ್ಚು. ಕೆಲವಕ್ಕೆ ಮೇಲೆ ವಾರ್ನಿಶ್ ಬಳಿದು ತೈಲಚಿತ್ರದ ಮೆರುಗನ್ನೂ ಕೊಡುತ್ತಿದ್ದರು. ಓಲಿಯೋಗ್ರಾಫ್ ಎಂದು ಕರೆಯುವುದು ಇದನ್ನೇ. ಲಕ್ಷ್ಮಿ, ಸರಸ್ವತಿಯರ ಪ್ರತಿಗಳು ಲೆಕ್ಕವಿಲ್ಲದಷ್ಟು ಬಂದವು. ಮನೆಯ ಹೆಣ್ಣುಮಕ್ಕಳು ಅವುಗಳ ಸೀರೆಗೆ ಜರಿ, ಒಡವೆಗೆ ಚಮಕಿ ಅಂಟಿಸಿ ಅಲಂಕಾರ ಮಾಡಿದರು. ನಿಮ್ಮ ಪತ್ರದ ವರ್ಣನೆ ಈ ಜಾತಿಗೇ ಸೇರುತ್ತದೆ. ಮೂಲೆಯ ಸಹಿ? ಅದೂ ಕಲ್ಲಿನಿಂದಲೇ ಬಂದದ್ದು, ಎಲ್ಲ ಪ್ರತಿಗಳಲ್ಲೂ ಇರುತ್ತದೆ.

ಊಹೆ ಬೇಡ, ಕಣ್ಣಾರೆ ನೋಡಿ. ಅಕ್ಕಸಾಲಿಗರು ಇಟ್ಟುಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ತನ್ನಿ. ದೇವಿಯ ಕೆನ್ನೆ, ಆಕಾಶದ ನೀಲಿ, ಇಂಥ ನುಣುಪು ಜಾಗಗಳನ್ನು ನೋಡಿ. ನಾಲ್ಕು ಬಣ್ಣದ ಚುಕ್ಕೆಗಳು ಸಾಲುಗಟ್ಟಿ, ಪುಟ್ಟ ಹೂವಿನ ಎಸಳುಗಳ ಹಾಗೆ ಜೋಡಿಸಿಕೊಂಡಿದ್ದರೆ ಅದು ಆಫ್‌ಸೆಟ್ ಅಚ್ಚು, ಈಚಿನ ಕ್ಯಾಲೆಂಡರ್ ಜಾತಿ. ಧೂಳು ಎರಚಿದಂತೆ ಅತಿ ಸಣ್ಣ ಹನಿಗಳಿದ್ದರೆ ಇಂಕ್‌ಜೆಟ್ ಪ್ರಿಂಟರಿನದು, ನಿನ್ನೆ ಮೊನ್ನೆಯದು. ಕೈಯಿಂದ ಇಟ್ಟಂಥ, ದೊಡ್ಡದು ಚಿಕ್ಕದು ಬೆರೆತ, ಸಾಲು ತಪ್ಪಿದ ಚುಕ್ಕೆಗಳು ಹಲವು ಬಣ್ಣದಲ್ಲಿ ಒಂದರ ಮೇಲೊಂದು ಬಿದ್ದಿದ್ದರೆ ಕಲ್ಲಚ್ಚು. ಚುಕ್ಕೆಯೇ ಇಲ್ಲದೆ ಕುಂಚದ ಕೂದಲು ಎಳೆದ ಏರುತಗ್ಗು ಕಂಡರೆ ಮಾತ್ರ ಬರೆದ ಚಿತ್ರ. ಕೆಲವು ಓಲಿಯೋಗ್ರಾಫ್‌ಗಳ ಮೇಲೆ ಕ್ಯಾನ್ವಾಸಿನ ನೇಯ್ಗೆಯ ಗುರುತನ್ನೂ ಒತ್ತಿರುತ್ತಾರೆ, ಅದಕ್ಕೆ ಮೋಸಹೋಗಬೇಡಿ.

ಹತ್ತು ನಿಮಿಷದ ಈ ಕೆಲಸಕ್ಕೆ ಪಟವನ್ನು ಹನ್ನೆರಡು ದಿನ ಬೆಂಗಳೂರಿನಲ್ಲಿ ಇರಿಸಿಕೊಳ್ಳಬೇಕಿರಲಿಲ್ಲ. ಭೂತಗನ್ನಡಿಯಲ್ಲಿ ಇಂಕ್‌ಜೆಟ್ ಹನಿ ಕಂಡರೆ ಅಮ್ಮನ ಪ್ರಶ್ನೆಗೂ ಅಣ್ಣನ ಪ್ರಶ್ನೆಗೂ ಒಂದೇ ಉತ್ತರ ಸಿಕ್ಕಿದ ಹಾಗೆ.

ಇನ್ನು ಆ ಶೇ. 92. ಹೊಂದಾಣಿಕೆ, ಸರಿ, ಯಾವುದರೊಂದಿಗೆ? ರವಿವರ್ಮನ ಲಕ್ಷ್ಮಿಯ ಓಲಿಯೋಗ್ರಾಫನ್ನು ರವಿವರ್ಮನ ಲಕ್ಷ್ಮಿಯ ಚಿತ್ರದೊಡನೆ ಹೋಲಿಸಿದರೆ ಹೊಂದದೆ ಇನ್ನೇನಾದೀತು? ಮೊನ್ನೆ ಅಚ್ಚಾದ ಕ್ಯಾಲೆಂಡರೂ ಹೊಂದುತ್ತದೆ. ಯಾವ ಯಂತ್ರ, ಯಾವ ಬೆಳಕು, ಹೋಲಿಸಿದ್ದು ಯಾವ ಚಿತ್ರಗಳೊಂದಿಗೆ, ವರದಿಗೆ ಸಹಿ ಹಾಕಿದ ತಜ್ಞರು ಯಾರು? ಈ ನಾಲ್ಕಕ್ಕೆ ಉತ್ತರವಿಲ್ಲದ ಶೇಕಡಾವಾರು ಅಂಕಿಗೂ ಗಿಳಿಶಾಸ್ತ್ರದ ಚೀಟಿಗೂ ವ್ಯತ್ಯಾಸವಿಲ್ಲ.

ಪ್ರಾಮಾಣಿಕರ ಕೈಯಲ್ಲೂ ಈ ಅಂಕಿಗಳು ಜಗಳವಾಡುತ್ತವೆ. ಇಂಗ್ಲೆಂಡಿನಲ್ಲಿ ಡಿ ಬ್ರೆಸಿ ಟೋಂಡೋ ಎಂಬ ದುಂಡನೆಯ ಮೇರಿಮಾತೆಯ ಚಿತ್ರವಿದೆ. 2023ರಲ್ಲಿ ಅಲ್ಲಿನ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರು ಮುಖ ಗುರುತಿಸುವ ಕೃತಕ ಬುದ್ಧಿಮತ್ತೆಯಿಂದ ಅದನ್ನು ಪರೀಕ್ಷಿಸಿದರು. ಅದರ ಮೇರಿಯ ಮುಖ ರಾಫೆಲ್ ಬರೆದ ಸಿಸ್ಟೈನ್ ಮಡೋನ್ನದ ಮುಖಕ್ಕೆ ಶೇ. 97 ಹೊಂದುತ್ತದೆ ಎಂದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಇನ್ನೊಂದು ಯಂತ್ರ ಅದೇ ಚಿತ್ರ ನೋಡಿ, ಇದು ರಾಫೆಲನದಲ್ಲ ಎನ್ನಲು ಶೇ. 85 ಸಂಭವ ಎಂದಿತು. ಒಂದು ಯಂತ್ರ ಅಳೆದದ್ದು ಮುಖದ ಹೋಲಿಕೆ, ಇನ್ನೊಂದು ಅಳೆದದ್ದು ಕುಂಚ ಓಡಿದ ರೀತಿ. ಒಳ್ಳೆಯ ನಕಲುಗಾರನ ಚಿತ್ರದಲ್ಲಿ ಮುಖ ಹೋಲಲೇಬೇಕಲ್ಲ, ಅವನ ಉದ್ದೇಶವೇ ಅದು.

ಹಾಗಾದರೆ ನಿಜವಾದ ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ? ಒಂದೇ ಚಿತ್ರವನ್ನು ಬೇರೆ ಬೇರೆ ಬೆಳಕಿನಲ್ಲಿ ನೋಡುತ್ತಾರೆ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಬಣ್ಣದ ಏರುತಗ್ಗು, ಬಿರುಕು ಎದ್ದು ಕಾಣುತ್ತವೆ. ನೇರಳಾತೀತ ಬೆಳಕಿನಲ್ಲಿ ಹಳೆಯ ರಾಳದ ವಾರ್ನಿಶ್ ಹಸಿರು ಛಾಯೆಯಲ್ಲಿ ಹೊಳೆಯುತ್ತದೆ, ಆಮೇಲೆ ಹಚ್ಚಿದ ತೇಪೆ ಬಣ್ಣ ಕಪ್ಪಾಗಿ ನಿಲ್ಲುತ್ತದೆ. ಹಳೆಯ ಬಿರುಕಿನ ಒಳಗೆ ಸಹಿಯ ಬಣ್ಣ ಇಳಿದಿದ್ದರೆ, ಬಿರುಕು ಬಿಟ್ಟ ಎಷ್ಟೋ ಕಾಲದ ಮೇಲೆ ಯಾರೋ ಸಹಿ ಹಾಕಿದ್ದಾರೆ ಎಂದರ್ಥ. ಅವಕೆಂಪು ಬೆಳಕು ಮೇಲಿನ ಬಣ್ಣಗಳನ್ನು ದಾಟಿ ಕೆಳಗಿನ ಇದ್ದಿಲ ಗೆರೆಯನ್ನು ತೋರಿಸುತ್ತದೆ. ನಮ್ಮ ಮೈಸೂರು ಶೈಲಿಯ ಚಿತ್ರಗಾರರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲು ರೇಖೆ ಎಳೆಯುತ್ತಿದ್ದರು. ಬರೆಯುವಾಗ ಕೈ ಎಲ್ಲಿ ಅನುಮಾನಿಸಿತು, ಎಲ್ಲಿ ತಿದ್ದಿತು ಎಂಬುದು ಅಲ್ಲಿ ಉಳಿದಿರುತ್ತದೆ. ನಕಲು ಮಾಡುವವನಿಗೆ ಅನುಮಾನ ಇರುವುದಿಲ್ಲ, ಸಿದ್ಧ ಉತ್ತರ ಎದುರಿಗೇ ಇರುತ್ತದೆ.

ಇವೆಲ್ಲ ‘ಅಲ್ಲ’ ಎನ್ನುವುದರಲ್ಲಿ ಎಷ್ಟು ಗಟ್ಟಿ ಎನ್ನುವುದಕ್ಕೆ ಜರ್ಮನಿಯ ಒಂದು ಪ್ರಕರಣ ಸಾಕು. ಹೈನ್ರಿಶ್ ಕಾಂಪೆನ್‌ಡೊಂಕ್ 1914ರಲ್ಲಿ ಬರೆದನೆಂಬ ಕುದುರೆಗಳ ಚಿತ್ರವೊಂದು 2006ರಲ್ಲಿ ಕಲೋನ್ ನಗರದಲ್ಲಿ 28 ಲಕ್ಷ ಯೂರೋಗೂ ಮೇಲೆ ಹರಾಜಾಯಿತು. ಬಣ್ಣ ಪರೀಕ್ಷಿಸಿದಾಗ ಟೈಟಾನಿಯಂ ಬಿಳಿ ಸಿಕ್ಕಿತು. 1914ರಲ್ಲಿ ಚಿತ್ರಕಾರರ ಕೈಗೆ ಆ ಬಿಳಿ ಬಂದೇ ಇರಲಿಲ್ಲ. ಬರೆದವನು ವೋಲ್ಫ್‌ಗಾಂಗ್ ಬೆಲ್ಟ್ರಾಚಿ ಎಂಬ ನಕಲುಗಾರ, 2011ರಲ್ಲಿ ಅವನಿಗೆ ಆರು ವರ್ಷ ಶಿಕ್ಷೆಯಾಯಿತು. ಇವನು ಹಳೆಯ ಫೋಟೋವನ್ನೂ ಬಿಟ್ಟವನಲ್ಲ. ಹೆಂಡತಿಗೆ ಅವಳ ಅಜ್ಜಿಯ ವೇಷ ಹಾಕಿಸಿ, ಹಿಂದಿನ ಗೋಡೆಗೆ ತನ್ನ ನಕಲು ಚಿತ್ರಗಳನ್ನು ತೂಗುಹಾಕಿ, ಕಪ್ಪುಬಿಳುಪಿನಲ್ಲಿ ಫೋಟೋ ತೆಗೆದು ಪುರಾವೆ ಮಾಡಿಕೊಂಡಿದ್ದ. ಅದಕ್ಕೇ ನಿಮಗೆ ಮನೆಯ ಆಲ್ಬಮ್ ಹುಡುಕಿ ಎಂದದ್ದು. ವ್ಯಾಪಾರಿ ತೋರಿಸುವ ಹಳೆಯ ಫೋಟೋ ಬೇರೆ, ಅತ್ತೆಯ ಮದುವೆಯ ಫೋಟೋದಲ್ಲಿ ತಾನಾಗಿ ಸಿಕ್ಕಿಬಿದ್ದ ಪಟ ಬೇರೆ.

‘ಹೌದು’ ಎನ್ನಬೇಕಾದರೆ ಎಷ್ಟು ಸಾಕ್ಷಿ ಬೇಕು ನೋಡಿ. ವ್ಯಾನ್ ಗೋನ ‘ಮೊಂಮಜೂರ್ ಸೂರ್ಯಾಸ್ತ’ವನ್ನು 1991ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಅವನದಲ್ಲ ಎಂದು ವಾಪಸ್ ಕಳಿಸಿತ್ತು. ಅದೇ ಮ್ಯೂಸಿಯಂ 2013ರಲ್ಲಿ ಅದು ಅವನದೇ ಎಂದು ಘೋಷಿಸಿತು. ನಡುವೆ ಬಣ್ಣದ ಪರೀಕ್ಷೆಯಾಯಿತು, ಕ್ಯಾನ್ವಾಸಿನ ಪರೀಕ್ಷೆಯಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಚಿತ್ರದ ಹಿಂಬದಿಯಲ್ಲಿದ್ದ 180 ಎಂಬ ಅಂಕಿ ತಮ್ಮ ಥಿಯೋನ ಸಂಗ್ರಹದ ಪಟ್ಟಿಗೆ ಸರಿಹೊಂದಿತು, 1888ರ ಜುಲೈನ ಒಂದು ಪತ್ರದಲ್ಲಿ ವ್ಯಾನ್ ಗೋ ಆ ಜಾಗವನ್ನೇ ವರ್ಣಿಸಿದ್ದು ಸಿಕ್ಕಿತು. ರವಿವರ್ಮರ ವಿಷಯದಲ್ಲಂತೂ ಇನ್ನೊಂದು ತೊಡಕು: ತಮ್ಮ ಸಿ. ರಾಜರಾಜವರ್ಮ ಜೊತೆಗೇ ಇದ್ದು ಚಿತ್ರ ಬರೆಯಲು ನೆರವಾಗುತ್ತಿದ್ದರು. ಅವರ ದಿನಚರಿ ಪುಸ್ತಕವಾಗಿ ಬಂದಿದೆ, ಯಾವ ಚಿತ್ರ ಯಾವಾಗ ಎಲ್ಲಿ ತಯಾರಾಯಿತು ಎಂದು ಹುಡುಕುವವರು ಮೊದಲು ತೆರೆಯುವುದು ಅದನ್ನೇ.

ಭೂತಗನ್ನಡಿಯಲ್ಲಿ ನಿಮಗೆ ಚುಕ್ಕೆ ಕಾಣದೆ ಕುಂಚದ ಗುರುತೇ ಕಂಡಿತು ಅನ್ನಿ. ಆಗ ಮಾತ್ರ ಮುಂದಿನ ಹೆಜ್ಜೆ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯಿದೆ. ಕೊಳ್ಳುವವರಲ್ಲದ, ಮಾರುವವರಲ್ಲದ ಇಂಥವರನ್ನು ಕೇಳಿ. ಚಿನ್ನ ತೂಗುವ ತಕ್ಕಡಿ ಕೊಳ್ಳುವವನದೇ ಆಗಿರಬಾರದು.

ಕಾನೂನೂ ಗೊತ್ತಿರಲಿ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ನಿಮ್ಮಲ್ಲಿಗೆ ಬಂದವರದನ್ನು ಕೇಳಿ ನೋಡಿ. ರವಿವರ್ಮರ ಕೃತಿಗಳನ್ನು ಕಲಾನಿಧಿ ಎಂದೇ ಘೋಷಿಸಿದ್ದಾರೆ, ದೇಶದ ಹೊರಗೆ ಮಾರುವಂತಿಲ್ಲ. ‘ವಿದೇಶಿ ಗಿರಾಕಿ ಇದ್ದಾನೆ’ ಎಂಬ ಮಾತು ಬಂದರೆ ಅಲ್ಲಿಗೇ ಬಾಗಿಲು ಹಾಕಿ. ಓಲಿಯೋಗ್ರಾಫ್ ಆದರೆ ಅದಕ್ಕೂ ಸಂಗ್ರಾಹಕರಿದ್ದಾರೆ, ಬೆಲೆಯೂ ಇದೆ. ಮೂಲ ತೈಲಚಿತ್ರದ ಬೆಲೆಗೂ ಅದಕ್ಕೂ ಅಜಗಜಾಂತರ, ಅಣ್ಣನ ಕೋಟಿ ಅಲ್ಲಿಲ್ಲ.

ಪಟ ಬದಲಾಗಿದೆ ಎಂದೇ ತೋರಿದರೆ ಮೊದಲ ದಿನವೇ ಕೂಗಾಡಬೇಡಿ. ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಜೊತೆಗಿಟ್ಟು, ‘ನಾವು ಕೊಟ್ಟ ಪಟದಲ್ಲಿ ಈ ಗುರುತುಗಳಿದ್ದವು, ಬಂದದ್ದರಲ್ಲಿ ಇಲ್ಲ, ದಯವಿಟ್ಟು ವಿವರಿಸಿ’ ಎಂದು ವ್ಯಾಪಾರಿಗೆ ಬರಹದಲ್ಲಿ ಕೇಳಿ. ಸ್ಕ್ಯಾನ್ ಮಾಡಿದ್ದರೆ ಅದರ ಮೂಲ ಕಡತಗಳಿರಲೇಬೇಕು, ಅವನ್ನೂ ಕೇಳಿ. ನಿಜಕ್ಕೂ ಸ್ಕ್ಯಾನ್ ಆಗಿದ್ದರೆ ಮೊದಲ ದಿನ ಅವರ ಕೈಗೆ ಬಂದ ಪಟ ಯಾವುದೆಂದು ಆ ಕಡತಗಳೇ ಹೇಳುತ್ತವೆ. ಕೊಡಲು ಹಿಂದೆಮುಂದೆ ನೋಡಿದರೆ ಅಣ್ಣನನ್ನು ಕರೆದುಕೊಂಡೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.

ಪಟ ನಿಮ್ಮದೇ ಎಂದಾದರೆ ಇಂದೇ ಅದರ ಬೆರಳಚ್ಚು ತೆಗೆದಿಡಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2009ರಲ್ಲಿ ಒಂದು ಸೊಗಸಾದ ಸಂಗತಿ ತೋರಿಸಿದರು. ಖಾಲಿ ಬಿಳಿ ಹಾಳೆಯನ್ನು ಸಾಧಾರಣ ಸ್ಕ್ಯಾನರಿನಲ್ಲಿ ನಾಲ್ಕು ದಿಕ್ಕಿಗೆ ತಿರುಗಿಸಿ ಸ್ಕ್ಯಾನ್ ಮಾಡಿದರೆ ನಾರಿನ ಏರುತಗ್ಗು ಲೆಕ್ಕಕ್ಕೆ ಸಿಗುತ್ತದೆ, ಮೇಲೆ ಗೀಚಿದರೂ ಅದೇ ಹಾಳೆಯೆಂದು ಮತ್ತೆ ಗುರುತಿಸಬಹುದು. ಒಂದೇ ಕಟ್ಟಿನ ಎರಡು ಹಾಳೆಗಳೂ ಒಂದಲ್ಲ ಎಂದ ಮೇಲೆ, ನೂರು ವರ್ಷ ಕುಂಕುಮ, ಹೊಗೆ, ತೇವ ಉಂಡ ನಿಮ್ಮ ಪಟಕ್ಕೆ ಜೋಡಿ ಎಲ್ಲಿಂದ ಬರಬೇಕು? ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2022ರಲ್ಲಿ ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರವನ್ನು 8,439 ಫೋಟೋ ಜೋಡಿಸಿ 717 ಗಿಗಾಪಿಕ್ಸೆಲ್ ದಾಖಲೆ ಮಾಡಿತು. ಒಂದೊಂದು ಪಿಕ್ಸೆಲ್‌ಗೆ ಚಿತ್ರದ ಮೇಲಿನ 5 ಮೈಕ್ರಾನ್, ಮಿಲಿಮೀಟರಿನ ಇನ್ನೂರನೇ ಒಂದು ಭಾಗ. ನಿಮಗೆ ಅಷ್ಟು ಬೇಡ. ಒಳ್ಳೆಯ ಫೋನು, ಒಂದು ಟಾರ್ಚ್, ಅಡಿಪಟ್ಟಿ ಸಾಕು.

ಗಾಜು ತೆಗೆದಾಗಲೇ ಈ ಕೆಲಸ ಮಾಡಿ. ಕಿಟಕಿಯ ನೆರಳು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಅಡಿಪಟ್ಟಿ ಇಟ್ಟು, ಫೋನನ್ನು ನೇರವಾಗಿ ಹಿಡಿದು ಪೂರ್ತಿ ಪಟದ ಫೋಟೋ ತೆಗೆಯಿರಿ. ಆಮೇಲೆ ನಾಲ್ಕು ಅಂಚು, ಸಹಿ, ಹಿಂಬದಿ, ಕಟ್ಟು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಟದ ಮಟ್ಟಕ್ಕೆ ಓರೆಯಾಗಿ ಹಿಡಿದು ಇನ್ನೊಂದು ಸುತ್ತು. ಕೊನೆಗೆ ಅಮ್ಮ ಹೇಳಿದ ಗುರುತುಗಳಲ್ಲಿ ಐದನ್ನು ಆರಿಸಿ, ಒಂದೊಂದು ಅಂಗುಲದಷ್ಟು ಜಾಗವನ್ನು ಹತ್ತಿರದಿಂದ ತೆಗೆಯಿರಿ. ಯಾವುದು ಎಲ್ಲಿಯದು ಎಂದು ಒಂದು ನಕ್ಷೆ ಬರೆದಿಡಿ. ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿ ಉಳಿಸಬೇಡಿ, ಅದು ಚಿತ್ರವನ್ನು ಕುಗ್ಗಿಸಿ ವಿವರ ತಿನ್ನುತ್ತದೆ. ಮೂಲ ಕಡತವನ್ನೇ ಅಣ್ಣನಿಗೂ ನಿಮಗೂ ಇಮೇಲ್ ಮಾಡಿಕೊಳ್ಳಿ, ತಾರೀಖಿಗೆ ಅದೇ ಸಾಕ್ಷಿ. ಇಂಥ ದಾಖಲೆಯಲ್ಲಿ ಏನೇನಿರಬೇಕೆಂದು ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ಮಾದರಿ 1997ರಲ್ಲೇ ಬಂದಿದೆ: ವಸ್ತು ಯಾವುದು, ಅಳತೆ, ಯಾವುದರಿಂದ ಮಾಡಿದ್ದು, ಬರಹ, ವಿಶೇಷ ಗುರುತು, ಫೋಟೋ. ಒಂದು ಹಾಳೆಯ ಕೆಲಸ.

ಹಿಂಬದಿಯನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆಯ ರಾಮಪಟ್ಟಾಭಿಷೇಕದ ಪಟಕ್ಕೆ ಒಮ್ಮೆ ಕಟ್ಟು ಹಾಕಿಸಿ ತಂದೆ. ಮುಂದಿನದೆಲ್ಲ ಚೊಕ್ಕವಾಗಿತ್ತು. ಹಿಂದಿನ ಹಲಗೆಯ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದ ತಾರೀಖು, ಊರು, ಕೊಟ್ಟ ದುಡ್ಡು ಇತ್ತು. ಹುಳ ಹಿಡಿದಿದೆಯೆಂದು ಅಂಗಡಿಯವರು ಆ ಹಲಗೆಯನ್ನು ಎಸೆದಿದ್ದರು. ಫೋಟೋ ತೆಗೆದಿರಲಿಲ್ಲ. ಆ ಪಟದ ಹುಟ್ಟಿದೂರು ಈಗ ನನ್ನ ನೆನಪಿನಲ್ಲಿ ಮಾತ್ರ ಇದೆ, ನೆನಪಿಗೆ ಯಾರೂ ರಸೀದಿ ಕೊಡುವುದಿಲ್ಲ.

ಉಳಿದದ್ದು ಅಣ್ಣ. ‘ಅಮ್ಮ ಸರಿ, ನೀನು ತಪ್ಪು’ ಎಂದು ಶುರು ಮಾಡಿದರೆ ಪಟ ಬಿಟ್ಟು ಮಾತು ಬೇರೆಲ್ಲೋ ಹೋಗುತ್ತದೆ. ‘ಅಣ್ಣಾ, ಕೋಟಿ ಬೆಲೆಯದಾದರೆ ಕೊಳ್ಳುವವರು ದಾಖಲೆ ಕೇಳೇ ಕೇಳುತ್ತಾರೆ, ಈಗಲೇ ಮಾಡಿಟ್ಟುಕೊಳ್ಳೋಣ’ ಅನ್ನಿ. ಭೂತಗನ್ನಡಿಯನ್ನು ಅವರ ಕೈಗೇ ಕೊಡಿ. ಚುಕ್ಕೆಯನ್ನು ತಮ್ಮ ಕಣ್ಣಾರೆ ಕಂಡ ಮೇಲೆ ಯಾರೂ ವಾದ ಮಾಡುವ ಅಗತ್ಯ ಇರುವುದಿಲ್ಲ. ಪಟ ಮಾರುವುದಿದ್ದರೂ ಅದು ಅಮ್ಮನಿರುವ ಮನೆಯ ದೇವರ ಪಟ, ಅವರ ಒಪ್ಪಿಗೆ ಮೊದಲು. ಕಣ್ಣಿನ ಪೊರೆಯ ಮಾತೂ ಅಷ್ಟೇ. ಇದ್ದರೆ ಚಿಕಿತ್ಸೆ ಮಾಡಿಸಿ, ಅಮ್ಮನ ಬಾಯಿ ಮುಚ್ಚಿಸಲು ಅದನ್ನು ಬಳಸಬೇಡಿ.

ಹೂವು ಏರಿಸುವುದು ಬಿಡುವುದು ಅಮ್ಮನಿಗೆ ಸೇರಿದ್ದು. ಅವರ ಪಟ್ಟಿಯ ಗುರುತುಗಳು ಒಂದೊಂದಾಗಿ ಸಿಕ್ಕರೆ ಅವರೇ ಏರಿಸುತ್ತಾರೆ.

ಈ ಅಂಕಣ ಓದುವ ಉಳಿದವರಿಗೂ ಒಂದು ಮಾತು. ಹಳೆಯ ಪಟ, ಪಂಚಲೋಹದ ಮೂರ್ತಿ, ತಾಳೆಗರಿ, ಏನಿದ್ದರೂ ಈ ಭಾನುವಾರ ಅದರ ಹಿಂದು ಮುಂದು ಫೋಟೋ ತೆಗೆದಿಡಿ. ಕಟ್ಟು ಹಾಕಿಸಲೋ, ಪಾಲಿಶ್ ಮಾಡಿಸಲೋ, ‘ಸ್ಕ್ಯಾನ್’ ಮಾಡಿಸಲೋ ಹೊರಗೆ ಕೊಡುವಾಗ ಆ ಫೋಟೋದ ಪ್ರತಿಯ ಮೇಲೆ ತೆಗೆದುಕೊಂಡವರ ಸಹಿ, ತಾರೀಖು ಹಾಕಿಸಿಕೊಳ್ಳಿ. ವಸ್ತು ಕೈಬಿಟ್ಟ ಮೇಲೆ ತೆಗೆದ ಫೋಟೋ ಎಷ್ಟು ಚೆನ್ನಾಗಿದ್ದರೂ ಸಾಕ್ಷಿಯಾಗದು.